ಕೇಳಿದವರ ಮುದ್ರೆ

ದಿನಾ ಸಂಜೆ ಐದೂವರೆಗೆ ಸುಜುನೊ
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ
ಚೀಲದಿಂದ ಹಳದಿ ಚೀಟಿ ತೆಗೆದು ನನ್ನ ಮುಂದಿಡುತ್ತಾಳೆ.
ಎರಡನೇ ತರಗತಿ. ಮನೆಗೆಲಸ ಇಷ್ಟೇ:
ಒಂದು ಪಾಠ ಗಟ್ಟಿಯಾಗಿ ಓದಬೇಕು,
ಮನೆಯವರು ಯಾರಾದರೂ ಕೂತು ಕೇಳಬೇಕು.
ದನಿ ಹೇಗಿತ್ತು, ತಡವರಿಸಿದಳೇ, ಬೆನ್ನು ನೆಟ್ಟಗಿತ್ತೇ,
ಮೂರು ಚೌಕ ತುಂಬಬೇಕು.
ನಾಲ್ಕನೆಯದರಲ್ಲಿ
ಕೇಳಿದವರ ಮುದ್ರೆ.

ಅವಳಮ್ಮ ಫುಮಿಎ ಬರುವುದು ಎಂಟಕ್ಕೆ,
ಚಿಪ್ಪು ಬಿಡಿಸಿ ಬಿಡಿಸಿ ಸೆಟೆದ ಬೆರಳುಗಳೊಂದಿಗೆ.
ಅಪ್ಪನ ಲಾರಿ ಈ ವಾರ ಸೆಂದೈ ಕಡೆ.
ಉಳಿದವನು ನಾನು, ತೊಮೆಜಿ.
ಮೀನಿನ ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರದ ಪಕ್ಕ
ಮೂವತ್ತೆಂಟು ವರ್ಷ ನಿಂತವನು.
ಕಿವಿಗೊಡು, ಕಿವಿಗೊಡು ಅನ್ನುತ್ತಾರಲ್ಲ,
ನಾನು ಎರಡನ್ನೂ ಕೊಟ್ಟೇ ಬಂದೆ.

ಕಿವಿಯ ಯಂತ್ರವೊಂದು ಇದೆ, ಡ್ರಾಯರಿನಲ್ಲಿ.
ಹಾಕಿಕೊಂಡರೆ ಒಲೆ, ಗಾಳಿ, ಮೊಮ್ಮಗಳು
ಎಲ್ಲ ಸೇರಿ ಒಂದೇ ಶಿಳ್ಳೆ ಹೊಡೆಯುತ್ತವೆ.
ಶಾಲೆಗೆ ಇದನ್ನು ಹೇಳಲಿಲ್ಲ.
ಹೇಳಿದ್ದರೆ ನಾಲ್ಕನೆಯ ಚೌಕ
ಖಾಲಿ ಉಳಿಯುತ್ತಿತ್ತು.

ಹಾಗಾಗಿ ಕೂರುತ್ತೇನೆ. ಟಿವಿ ಆರಿಸುತ್ತೇನೆ,
ನನಗಾಗಿ ಅಲ್ಲ.
ಎರಡೂ ಅಂಗೈ ಮೇಜಿನ ಮೇಲೆ ಚಾಚಿ ಅವಳ ತುಟಿ ನೋಡುತ್ತೇನೆ.
ಮುಂದಿನ ಹಲ್ಲು ಬಿದ್ದ ಸಂದಿಯಲ್ಲಿ
ಅರ್ಧ ಮಾತು ಜಾರಿ ಹೋಗುತ್ತದೆ.
ಆದರೆ ಅವಳು ಓದುವುದು ಮೇಜಿಗೆ ಎದೆಯಾನಿಸಿ,
ಹಲಗೆ ಸಣ್ಣಗೆ ನಡುಗುತ್ತದೆ.
ನರಿಮರಿಯೊಂದು ಕೊನೆಯ ಬಸ್ಸು ತಪ್ಪಿಸಿಕೊಂಡ ಕತೆ,
ಅಷ್ಟು ಚಿತ್ರದಿಂದ ಗೊತ್ತು.
ನರಿ ಅಳುವಾಗ ನಡುಕ ತೆಳ್ಳಗೆ,
ಡ್ರೈವರು ಗದರುವಾಗ ದಪ್ಪಗೆ,
ಅದು ಅಂಗೈಯಿಂದ ಗೊತ್ತು.
ಬೆನ್ನು ನೆಟ್ಟಗಿತ್ತೇ?
ಇರಲಿಲ್ಲ. ಆದರೂ ಎರಡು ಸುತ್ತು ಹಾಕುತ್ತೇನೆ.
ನೆಟ್ಟಗೆ ಕೂತರೆ ನನಗೆ ಕೇಳುವುದು ಹೇಗೆ?

ಮೊಂಬೆತ್ಸುವಿನ ದಡಕ್ಕೆ ಹಿಮಗಡ್ಡೆಗಳು ಬಂದು ತಾಗಿದ ವಾರ
ಹೊರಗೆ ಮಕ್ಕಳು ಜಾರುಬಂಡಿ ಎಳೆಯುತ್ತಿದ್ದರು.
ಸುಜುನೊ ಕೂತಳು. ತುಟಿ ಆಡಿತು. ಪುಟ ತಿರುಗಿತು.
ಹಲಗೆ ಬರೀ ಹಲಗೆ.

ಓಹೋ, ಗೊತ್ತಾಗಿಬಿಟ್ಟಿದೆ ಇವಳಿಗೆ.

ಬಯ್ಯಲು ಬಾಯಿ ಬರಲಿಲ್ಲ.
ಏಪ್ರಿಲ್‌ನಿಂದ ಸುಳ್ಳು ಮುದ್ರೆ ಒತ್ತುತ್ತ ಬಂದವನು ನಾನೇ ಅಲ್ಲವೇ?
ಮುದ್ರೆಯನ್ನು ಕೆಂಪು ಶಾಯಿಗದ್ದಿ, ಎತ್ತಿ ಹಿಡಿದು,
ಅಳತೆ ಗೊತ್ತಿಲ್ಲದ ನನ್ನ ದನಿಯಲ್ಲಿ
(ಪಕ್ಕದ ಮನೆಗೂ ಕೇಳಿರಬೇಕು)
"ಇವತ್ತು ನರಿ ಮಾತಾಡಲಿಲ್ಲ" ಅಂದೆ.

ಅವಳ ಕಿವಿ ಎರಡೂ ಕೆಂಪಾದವು.
ಚೀಟಿ ಎತ್ತಿಕೊಂಡು ಹೋದಳು.
ಆ ದಿನದ ಚೌಕ ಈಗಲೂ ಖಾಲಿಯೇ ಇದೆ.
ರಾತ್ರಿ ಫುಮಿಎ ಅದನ್ನು ನೋಡಿ ಏನೋ ಕೇಳಿದಳು.
ಕೇಳಿಸಲಿಲ್ಲ ಅಂದೆ.
ಕಿವುಡಿನಿಂದ ಒಮ್ಮೊಮ್ಮೆ ಉಪಯೋಗವೂ ಉಂಟು.

ಮರುದಿನ ಅವಳು ಎದುರಿಗೆ ಕೂರಲಿಲ್ಲ.
ಪಕ್ಕಕ್ಕೆ ಬಂದು ನನ್ನ ಬಲಗೈ ಎತ್ತಿ
ತನ್ನ ಬೆನ್ನಿನ ಮೇಲೆ ಇಟ್ಟುಕೊಂಡಳು,
ಯಾರೋ ಬಿಟ್ಟುಹೋದ ಚೀಲ ಎತ್ತಿಡುವಂತೆ, ನಯವಿಲ್ಲದೆ.
ಉಣ್ಣೆಯ ಅಂಗಿ, ಅದರಡಿ ಪುಟ್ಟ ಎಲುಬು,
ಅದರೊಳಗೆ ದೂರದ ದೋಣಿಯ ಎಂಜಿನ್ನು.
ಬಂದರಿನಲ್ಲಿ ನಿಂತು ನಾನು ಕೇಳುತ್ತಿದ್ದ ಸದ್ದು ಅದು,
ಇಪ್ಪತ್ತು ವರ್ಷದ ಮೇಲಾಯಿತು.

ಈಗ ಮಗ್ಗಿ ನಡೆದಿದೆ.
ಎರಡರದು, ಐದರದು ಸಲೀಸು, ಬೆನ್ನು ಓಡುತ್ತದೆ.
ಏಳರಲ್ಲಿ ಗುಡ್ಡ ಹತ್ತುತ್ತದೆ.
ಏಳೇಳ್ಲ ನಲವತ್ತೊಂಬತ್ತು ದಾಟಿ
ಏಳೆಂಟ್ಲ...
ಅಲ್ಲಿ ಎಂಜಿನ್ನು ನಿಂತುಬಿಡುತ್ತದೆ, ಪ್ರತಿ ಸಲ.
ಉಸಿರು ಮಾತ್ರ ಏರುತ್ತದೆ, ಇಳಿಯುತ್ತದೆ.

ನಾನು ಹೇಳಿಕೊಡುವುದಿಲ್ಲ.
ಕೈ ತೆಗೆಯುವುದೂ ಇಲ್ಲ.